ಹವಳದ ತೊಟ್ಟಿಗೆ ನಾನು ಕೈ ಹಾಕದ ವಾರ

ನಾನು ಮನಸ್ಸು ಮಾಡಿದರೆ ಸಮುದ್ರವನ್ನೂ ಸಾಲಾಗಿ ನಿಲ್ಲಿಸಬಲ್ಲೆ! ಇದು ಜಂಬವಲ್ಲ. ಬಿಸ್ಕತ್ತಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳ ಅನುಭವದ ಮಾತು. ಓಡುವ ಬೆಲ್ಟಿನ ಮುಂದೆ ನಿಂತರೆ ಸಾಕು, ಎಲ್ಲಿ ಕೆಲಸ ಸೋರುತ್ತಿದೆ, ಎಲ್ಲಿ ಯಾರ ಕೈ ಸುಮ್ಮನೆ ಆಡುತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಚೆಲ್ಲಿದ ಉಪ್ಪುನೀರಿನ ಮಧ್ಯೆ ನಿಂತು, ನೆಲ ಒರೆಸುವ ಬಟ್ಟೆಯನ್ನು ಬಾವುಟದಂತೆ ಎತ್ತಿ ಹಿಡಿದು ಘೋಷಿಸಿದೆ:

"ಇವತ್ತಿನಿಂದ ಈ ತೊಟ್ಟಿಯ ಶುದ್ಧೀಕರಣ ಇಲಾಖೆ ನನ್ನ ಸುಪರ್ದಿಗೆ! ಸಂಜೆಯೊಳಗೆ ನನ್ನ ಟೇಬಲ್ ಖಾಲಿ ಆಗ್ಬೇಕು!"

ಕಾಲೆರಡನ್ನೂ ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಕೂತಿದ್ದ ಅತ್ತೆ ಕೇಳಿದರು, "ಇಷ್ಟು ದಿನ ಯಾರ ಸುಪರ್ದಿಲಿ ಇತ್ತಮ್ಮಾ?"

ಒಳ್ಳೆಯ ಪ್ರಶ್ನೆ. ಹೆಸರಿಗೆ ಯಜಮಾನರದ್ದು. ಇವರಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರಿನವರ ಕಣ್ಣನ್ನೆಲ್ಲ ಪರೀಕ್ಷಿಸುವ ಈ ಮಹಾಶಯರಿಗೆ ಹಾಸಿಗೆಯ ಮೇಲಿನ ಒದ್ದೆ ಟವೆಲ್ ಮಾತ್ರ ಈವರೆಗೆ ಕಂಡಿಲ್ಲ. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುತ್ತದೆ, ಹೆಂಡತಿ ಮಾಡುವ ಕೆಲಸ ಮಾತ್ರ ಕಾಣುವುದಿಲ್ಲ. ಈ ದೋಷಕ್ಕೆ ಇನ್ನೂ ಯಾರೂ ಗಾಜು ಉಜ್ಜಿಲ್ಲವಂತೆ!

ಇವರಿಗೆ ಒಂದು ದಿನ ಮನೆಯಲ್ಲೊಂದು ಕಡಲು ಇಡುವ ಆಸೆ ಹುಟ್ಟಿತು. ಗಾಜಿನ ದೊಡ್ಡ ತೊಟ್ಟಿ ಬಂತು, ಉಪ್ಪುನೀರು ಬಂತು, ಕಲ್ಲಿನ ಮೇಲೆ ಜೀವಂತ ಹವಳಗಳು ಬಂದವು, ಕಿತ್ತಳೆ ಬಣ್ಣದ ಒಂದು ಜೋಡಿ ಮೀನೂ ಬಂತು. ನೆಂಟರು ಬಂದಾಗ ಇವರು ಎದುರಿಗೆ ನಿಂತು ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದರು: "ಏನೂ ಕೆಲಸ ಇಲ್ಲ ಕಣ್ರೀ. ಎಲ್ಲಾ ತನ್ನಷ್ಟಕ್ಕೆ ತಾನೇ ನಡೆಯುತ್ತೆ."

ಆ 'ತನ್ನಷ್ಟಕ್ಕೆ ತಾನೇ' ಅಂದರೆ ನಾನು!

ಮೇಲಿಂದ ನೋಡಿದರೆ ಸ್ವರ್ಗ. ಕೆಳಗಿನ ಕಪಾಟಿನ ಬಾಗಿಲು ತೆಗೆದರೆ ಬಚ್ಚಲು. ಅಲ್ಲೊಂದು ಕೆಳತೊಟ್ಟಿ. ಮೇಲಿನ ಗಲೀಜು ನೀರು ಕೊಳವೆಯಲ್ಲಿ ಇಳಿದು ಮೊದಲು ಒಂದು ಬಿಳಿ ಬಟ್ಟೆಯ ಸೋಸುಚೀಲಕ್ಕೆ ಬೀಳುತ್ತದೆ. ಮೀನು ತಿಂದು ಬಿಟ್ಟದ್ದು, ತಿಂದು ಹೊರಗೆ ಹಾಕಿದ್ದು ಎರಡೂ ಅದರಲ್ಲಿ. ಅಲ್ಲಿಂದ ಮುಂದಕ್ಕೆ ಸ್ಕಿಮ್ಮರ್ ಎಂಬ ಕೊಳಗದಂಥ ಯಂತ್ರ. ಅದು ನೀರಿಗೆ ಗಾಳಿ ಊದಿ ನುಣ್ಣನೆಯ ಗುಳ್ಳೆ ಎಬ್ಬಿಸುತ್ತದೆ. ಕಣ್ಣಿಗೆ ಕಾಣದ ಕೊಳೆ ಗುಳ್ಳೆಗೆ ಅಂಟಿ, ನೊರೆಯಾಗಿ ಕತ್ತು ಹತ್ತಿ, ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಶುದ್ಧವಾದ ನೀರನ್ನು ಪಂಪು ಮತ್ತೆ ಮೇಲಕ್ಕೆ ತಳ್ಳುತ್ತದೆ. ಬಟ್ಟಲು ಚೆಲ್ಲುವವಳು, ಚೀಲ ಒಗೆಯುವವಳು, ಆವಿಯಾದಷ್ಟು ನೀರು ತುಂಬುವವಳು, ಗೋಡೆಯ ಮೇಲೆ ಹೂವು ಬಿಟ್ಟ ಉಪ್ಪನ್ನು ಒರೆಸುವವಳು ಯಾರೆಂದು ಮತ್ತೆ ಹೇಳಬೇಕೇ?

ಇಷ್ಟಾದರೂ ಸಹಿಸಿದ್ದೆ. ಆದರೆ ಕಿಟಕಿಯ ಪಕ್ಕ ನನ್ನದೊಂದು ಟೇಬಲ್ ಇತ್ತು. ಮನೆಯಲ್ಲಿ 'ನನ್ನದು' ಎನ್ನುವ ಏಕೈಕ ಸ್ಥಿರಾಸ್ತಿ. ಅದರ ಮೇಲೆ ಮೊದಲು ಒಂದು ಉಪ್ಪಿನ ಡಬ್ಬ ಬಂತು, ಆಮೇಲೆ ಬದಲಿ ಪಂಪು, ನೀರು ಪರೀಕ್ಷಿಸುವ ಸೀಸೆಗಳು, ಸುತ್ತಿಟ್ಟ ಕೊಳವೆ. ಕೊನೆಗೆ ಟೇಬಲ್ ಎಲ್ಲಿದೆ ಎಂದು ಹುಡುಕುವ ಸ್ಥಿತಿ!

"ಆ ಟೇಬಲ್ ಸಿಕ್ಕಿದ್ರೆ ಅಲ್ಲಿ ಕೂತು ಏನು ಮಾಡ್ತೀಯ?" ಇವರು ಒಮ್ಮೆ ಕೇಳಿದ್ದರು.

"ಏನೂ ಮಾಡಲ್ಲ."

"ಮತ್ತೆ ಯಾಕೆ ಬೇಕು?"

"ಏನೂ ಮಾಡದೆ ಇರೋಕೆ ಈ ಮನೇಲಿ ಬೇರೆ ಜಾಗ ಎಲ್ಲಿದೆ?"

ಅರ್ಥವಾಗಲಿಲ್ಲ. ಕನ್ನಡಕ ಒರೆಸಿಕೊಂಡರು.

ಆ ಭಾನುವಾರ ಸ್ಕಿಮ್ಮರಿನ ಬಟ್ಟಲು ತುಂಬಿ ಹರಿದು, ಕಂದು ಬಣ್ಣದ ನಾರುವ ನೀರು ಕಪಾಟಿನಿಂದ ಇಳಿದು ನನ್ನ ಪಾದಕ್ಕೆ ಅಭಿಷೇಕ ಮಾಡಿದಾಗಲೇ ನಾನು ಮೇಲೆ ಹೇಳಿದ ಘೋಷಣೆ ಮಾಡಿದ್ದು.

ಕೂಡಲೇ ತನಿಖೆ. ಪ್ಯಾಕಿಂಗ್ ಹಾಲಿನಲ್ಲಿ ಮಾಡುವಂತೆ ಒಂದು ಕಡೆ ಕೂತು ಗಮನಿಸಿದೆ. ರಹಸ್ಯ ಬಯಲಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಕಿಮ್ಮರಿಗೆ ಗಾಳಿ ಬಿಡುವ ಒಂದು ತಿರುಪು ಇದೆ. ಇವರು ನೀರು ಕುಡಿಯಲು ಹೋಗುವಾಗ ಬಗ್ಗಿ ಅದನ್ನು ಕೊಂಚ ತಿರುಗಿಸಿದರು. ಕುಡಿದು ಬರುವಾಗ ಮತ್ತೆ ಕೊಂಚ ತಿರುಗಿಸಿದರು. ಫೋನಿನಲ್ಲಿ ಮಾತಾಡುತ್ತಾ ಇನ್ನೊಮ್ಮೆ!

"ಯಾಕ್ರೀ ಅದನ್ನ ಮುಟ್ತೀರಾ?"

"ಸ್ವಲ್ಪ ಅಡ್ಜಸ್ಟ್ ಮಾಡಿದೆ."

"ಸರಿಯಾಗಿತ್ತಲ್ಲ?"

"ಇನ್ನೂ ಸರಿ ಮಾಡೋಣ ಅಂತ."

ಪಾಪದ ಯಂತ್ರ! ಒಂದು ಹದಕ್ಕೆ ಬರುವಷ್ಟರಲ್ಲಿ ಇವರು ಇನ್ನೊಂದು ಹದ ಕೇಳುತ್ತಾರೆ. ಹೊಸದಾಗಿ ಮದುವೆಯಾದ ದಿನಗಳು ನೆನಪಾಗಿ ನನಗೆ ಅದರ ಮೇಲೆ ಅಕ್ಕರೆ ಉಕ್ಕಿತು.

ಸುಧಾರಣೆ ಶುರುವಾಯಿತು. ಪಂಪನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿ ಸುಣ್ಣದಂತೆ ಕಟ್ಟಿದ್ದ ಗಟ್ಟಿಯನ್ನು ಕರಗಿಸಿದೆ. ಅದು ನಡುವಯಸ್ಸಿನಲ್ಲಿ ಮಂಡಿ ನೋವು ವಾಸಿಯಾದವರಂತೆ ಸದ್ದಿಲ್ಲದೆ ಓಡತೊಡಗಿತು. ನೊರೆ ಹತ್ತುವ ಕತ್ತಿನ ಒಳಗಿನ ಲೋಳೆಯನ್ನು ಒರೆಸಿದೆ. ಗಾಳಿ ಕೊಳವೆಯ ಬಾಯಿಗೆ ಕಟ್ಟಿದ್ದ ಉಪ್ಪನ್ನು ಬಿಸಿನೀರಿನಿಂದ ತೊಳೆದೆ. ಕೆಳತೊಟ್ಟಿಯ ಗಾಜಿನ ಮೇಲೆ ಗೆರೆ ಎಳೆದು, ನೀರು ಸದಾ ಇಲ್ಲಿಗೇ ಇರಬೇಕು ಎಂದು ಆಜ್ಞಾಪಿಸಿದೆ. ತಿರುಪನ್ನು ಒಂದೇ ಒಂದು ಸಲ ತಿರುಗಿಸಿ, ಅದರ ಮೇಲೆ ಟೇಪು ಸುತ್ತಿದೆ. ಟೇಬಲಿನ ಮೇಲಿದ್ದ ಸಂಸಾರವನ್ನೆಲ್ಲ ಎರಡು ಬುಟ್ಟಿಯಲ್ಲಿ ಜೋಡಿಸಿ ಕಪಾಟಿಗೆ ಸೇರಿಸಿದೆ. ಸಂಜೆಗೆ ಬಟ್ಟಲಿನಲ್ಲಿ ಕಡು ಚಹಾದಂಥ ನೊರೆ ಶಿಸ್ತಾಗಿ ಕೂಡುತ್ತಿತ್ತು. ಟೇಬಲ್ ಫಳಫಳ ಹೊಳೆಯುತ್ತಿತ್ತು!

ಇವರು ಬಂದು ನೋಡಿದರು. ಕಣ್ಣರಳಿತು.

"ಅರೆ, ಇಷ್ಟು ಜಾಗ ಇತ್ತಾ ಇಲ್ಲಿ! ಹೊಸ ಮೀನು ತಂದಾಗ ಬೇರೆ ಇಡೋಕೆ ಒಂದು ಚಿಕ್ಕ ತೊಟ್ಟಿ ಬೇಕಿತ್ತು. ಇಲ್ಲಿ ಸರಿಯಾಗಿ ಕೂರುತ್ತೆ!"

ಹೆಂಗಸು ಒಂದು ಮೊಳ ಜಾಗ ಖಾಲಿ ಮಾಡಿದರೆ ಅದರಲ್ಲಿ ಏನಿಡಬಹುದು ಎಂಬ ಯೋಚನೆ ಉಳಿದವರಿಗೆ ಅದು ಹೇಗೆ ಅಷ್ಟು ಬೇಗ ಬರುತ್ತದೋ!

"ಅದು ನನ್ನ ಟೇಬಲ್. ಇನ್ನು ಮೇಲೆ ಚೀಲ, ಬಟ್ಟಲು, ನೀರು, ಎಲ್ಲಾ ನಿಮ್ಮ ಕೆಲಸ," ಎಂದೆ.

"ಆಯ್ತು ಕಣೇ. ನಾನೂ ಹೆಲ್ಪ್ ಮಾಡ್ತೀನಿ."

"ಯಾರ ತೊಟ್ಟಿಗೆ ಯಾರು ಹೆಲ್ಪ್ ಮಾಡೋದು?"

ಕಾಲೇಜಿಗೆ ಹೋಗುವ ಮಗಳು ಪುಸ್ತಕದಿಂದ ತಲೆ ಎತ್ತದೆ ನಕ್ಕಳು. ಇವರಿಗೆ ರೇಗಿತು. "ನಾನು ಮಾಡ್ತೀನಿ. ನೀನು ಬಿಡಬೇಕಲ್ಲ! ಒಂದು ವಾರ ಕೈ ಹಾಕದೆ ಇರು ನೋಡೋಣ. ಇದ್ರೆ ಟೇಬಲ್ ನಿಂದು, ಇನ್ನು ಆ ಕಡೆ ತಲೆ ಹಾಕಲ್ಲ. ಕೈ ಹಾಕಿದ್ಯೋ, ಚಿಕ್ಕ ತೊಟ್ಟಿ ಅದರ ಮೇಲೆ ಬಂದು ಕೂರುತ್ತೆ."

"ಒಂದು ವಾರ ಏನು, ಒಂದು ವರ್ಷ ಇರ್ತೀನಿ!"

"ಬಾಯಿ ಹಾಕಬಹುದಾ?" ಮಗಳು ಕೇಳಿದಳು.

"ಹಾಕಲಿ ಬಿಡು. ಅದನ್ನೂ ನಿಲ್ಲಿಸಿದ್ರೆ ಉಸಿರು ಕಟ್ಟುತ್ತೆ," ಎಂದು ಅತ್ತೆ ತೀರ್ಪು ಕೊಟ್ಟರು. ಮುಂದಿನ ಭಾನುವಾರ ಮಧ್ಯಾಹ್ನದ ಊಟಕ್ಕೆ ಗಡುವು ಎಂದು ನಿಶ್ಚಯವಾಯಿತು.

ಕೈ ಹಾಕದೆ ಇರುವುದು ಎಷ್ಟು ದೊಡ್ಡ ದುಡಿಮೆ ಎಂದು ನನಗೆ ಗೊತ್ತಿರಲಿಲ್ಲ! ಬಚ್ಚಲಿನಿಂದ ಕೂಗು:

"ಬಕೆಟ್ ಎಲ್ಲಿದೆ?"

"ನಿಮ್ಮ ಕಾಲ ಹತ್ತಿರ."

"ಇದು ನೀಲಿದು. ಚೀಲ ತೊಳೆಯೋದು ಯಾವುದರಲ್ಲಿ?"

"ಯಾವುದರಲ್ಲಾದ್ರೂ ಹಿಡಿಸುತ್ತೆ ರೀ, ಅದು ಚೀಲ, ಆನೆ ಅಲ್ಲ!"

ನಲ್ಲಿಯನ್ನು ಪೂರ್ತಿ ಬಿಟ್ಟು, ಚೀಲವನ್ನು ಒಳಹೊರಗು ಮಾಡಿ, ಸಿಳ್ಳೆ ಹಾಕುತ್ತಾ ಬರೀ ನೀರಿನಲ್ಲಿ ಕುಲುಕುತ್ತಿದ್ದರು. ಚೀಲಕ್ಕಿಂತ ಗೋಡೆ ಹೆಚ್ಚು ಶುದ್ಧವಾಯಿತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನೆಯೆಲ್ಲ ಸುತ್ತಿದೆ. ಕೈ ಬಿಟ್ಟರೆ ತಾವೇ ಓಡಿಹೋಗುತ್ತವೇನೋ ಎನ್ನುವ ಭಯ!

ಅತ್ತೆ ತೊಟ್ಟಿಯ ಮುಂದೆ ಕೂತು ಮೀನು ನೋಡುತ್ತಿದ್ದರು. "ಬಾ ಇಲ್ಲಿ. ದೊಡ್ಡದಿದೆಯಲ್ಲ, ಅದು ಹೆಣ್ಣು. ಮೊಟ್ಟೆ ಇಟ್ಟು ಆರಾಮಾಗಿ ಅಡ್ಡಾಡ್ತಾ ಇದೆ. ಕಲ್ಲಿನ ಹತ್ತಿರ ರೆಕ್ಕೆ ಬೀಸ್ತಾ ಮೊಟ್ಟೆ ಕಾಯ್ತಿರೋದು ಗಂಡು."

"ನಿಮ್ಮ ಮಗನಿಗೆ ತೋರಿಸಿ ಅತ್ತೆ."

"ತೋರಿಸಿದೆ. 'ಅದೆಲ್ಲಾ ಸಮುದ್ರದ ಪದ್ಧತಿ ಅಮ್ಮ' ಅಂದ."

ಆದರೆ ಆಶ್ಚರ್ಯ ನೋಡಿ, ವಾರ ಅರ್ಧ ಕಳೆಯುವಷ್ಟರಲ್ಲಿ ಇವರು ಪಳಗತೊಡಗಿದರು. ಹೇಳಿಸಿಕೊಳ್ಳದೆ ಬಟ್ಟಲು ಚೆಲ್ಲಿದರು. ಗೆರೆ ನೋಡಿ ನೀರು ತುಂಬಿದರು. ಒಂದು ಸಲ ನೆಲ ಕೂಡ ಒರೆಸಿದರು, ಮೂಲೆ ಬಿಟ್ಟು! ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಜೊತೆಗೆ ಹೊಟ್ಟೆಯೊಳಗೆ ಸಣ್ಣದೊಂದು ಮುಳ್ಳು ಆಡಿತು. ನಾನಿಲ್ಲದೆ ಅದು ಹೇಗೆ ನಡೆಯುತ್ತದೆ? ನನ್ನಮ್ಮ ತೊಳೆದಿಟ್ಟ ಪಾತ್ರೆಯನ್ನು ನನ್ನಜ್ಜಿ ಮತ್ತೊಮ್ಮೆ ತೊಳೆಯುತ್ತಿದ್ದಳು. ನಾನು ತೊಳೆದದ್ದನ್ನು ಅಮ್ಮ. ಮಗಳು ತೊಳೆದದ್ದನ್ನು ನಾನು. ನಮ್ಮ ವಂಶದಲ್ಲಿ ಆಸ್ತಿಯೇನೂ ಹೆಣ್ಣುಮಕ್ಕಳಿಗೆ ಬರಲಿಲ್ಲ. ಅನುಮಾನ ಮಾತ್ರ ಸರಾಗವಾಗಿ ಬಂತು!

ಶನಿವಾರ ಇವರು ಅಂಗಡಿಗೆ ಹೋಗಿದ್ದರು. ಬಾಲ್ಕನಿಯ ಹಗ್ಗದ ಮೇಲೆ, ಸರದಿಯಲ್ಲಿ ಬಳಸುವ ಎರಡು ಸೋಸುಚೀಲಗಳಲ್ಲಿ ಒಂದು ಒಣಗುತ್ತಿತ್ತು. ನೋಡಬಾರದಿತ್ತು, ನೋಡಿದೆ. ತಳದಲ್ಲಿ ಹಳದಿ ಕಲೆ!

ಇದನ್ನು ತೊಳೆಯುವುದು ಎನ್ನುತ್ತಾರೆಯೇ? ನೆರೆಮನೆಯವರು ನೋಡಿದರೆ ಏನಂದಾರು? ಅವರಿಗೇನು ಇದು ಯಜಮಾನರು ಒಗೆದದ್ದು ಎಂದು ಗೊತ್ತೇ? ಹಗ್ಗದ ಮೇಲಿನ ಕಲೆಗೆಲ್ಲ ಮನೆಯ ಹೆಂಗಸೇ ಹೊಣೆ!

ನನ್ನೊಳಗಿನ ವಕೀಲೆ ಎದ್ದು ನಿಂತಳು. "ಪಂದ್ಯ ಇರುವುದು ತೊಟ್ಟಿಗೆ ಕೈ ಹಾಕುವ ಬಗ್ಗೆ. ಚೀಲ ಈಗ ತೊಟ್ಟಿಯಲ್ಲಿ ಇಲ್ಲ. ಹಗ್ಗದ ಮೇಲಿದೆ. ಹಗ್ಗದ ಮೇಲಿರುವುದು ಬಟ್ಟೆ. ಬಟ್ಟೆ ನನ್ನ ಇಲಾಖೆ." ನನ್ನೊಳಗಿನ ನ್ಯಾಯಾಧೀಶೆ ತಲೆಯಾಡಿಸಿದಳು. ಎದುರು ವಾದಿಸಲು ಯಾರೂ ಇರಲಿಲ್ಲ.

ತೊಟ್ಟಿಗೆ ಸೋಪು ವಿಷ ಎಂದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಚೀಲವೊಂದನ್ನೇ ವಾಷಿಂಗ್ ಮಷಿನ್ನಿಗೆ ಹಾಕಿ, ಒಂದು ಚಿಟಿಕೆ ಪುಡಿಯನ್ನೂ ಹಾಕದೆ, ಬರೀ ಬಿಸಿನೀರಿನಲ್ಲಿ ತಿರುಗಿಸಿದೆ. ಬಿಳಿಯೆಂದರೆ ಬಿಳಿ, ಮಲ್ಲಿಗೆ ಮೊಗ್ಗಿನಂತೆ ಹೊರಬಂತು! ಮತ್ತೆ ಅದೇ ಹಗ್ಗದ ಮೇಲೆ, ಅದೇ ಕ್ಲಿಪ್ಪಿನಲ್ಲಿ, ಅದೇ ಓರೆಯಾಗಿ ಸಿಕ್ಕಿಸಿದೆ. ಕಳ್ಳತನದಲ್ಲೂ ಅಚ್ಚುಕಟ್ಟು!

ಭಾನುವಾರ ಬಂತು. ನಾನು ಪಟ್ಟಾಭಿಷೇಕಕ್ಕೆ ಕೂತವಳಂತೆ ಕಿಟಕಿಯ ಪಕ್ಕ, ಟೇಬಲಿನ ಮುಂದೆ ಪೇಪರ್ ಹರಡಿ ಕೂತೆ. ಇವರು ಚೀಲ ತಂದು ಬೆಳಕಿಗೆ ಹಿಡಿದರು.

"ನೋಡೇ, ನೋಡು! ನಾನು ಒಗೆದಿದ್ದು ಹೇಗಿದೆ! ಇಷ್ಟು ಬೆಳ್ಳಗೆ ನೀನು ಒಗೆದಿದ್ಯಾ ಯಾವತ್ತಾದ್ರೂ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹೆಂಗಸರು ನುಂಗಿದ ವಿಷಯಗಳಲ್ಲಿ ಇದೂ ಒಂದು.

ತೊಟ್ಟಿಯಲ್ಲಿದ್ದ ಇನ್ನೊಂದು ಚೀಲ ತೆಗೆದು ಇದನ್ನು ಕೂರಿಸಿ ಇವರು ಕೈ ಒರೆಸಿಕೊಂಡರು. ಕೊಂಚ ಹೊತ್ತು ಎಲ್ಲ ಶಾಂತ. ಆಮೇಲೆ ಕಪಾಟಿನೊಳಗಿನ ಗುಳುಗುಳು ಸದ್ದು ಭುಸಭುಸ ಆಯಿತು. ಸ್ಕಿಮ್ಮರಿನ ಕತ್ತಿನಲ್ಲಿ ನೊರೆ ಏರಿತು. ಬಟ್ಟಲು ತುಂಬಿತು. ಮುಚ್ಚಳ 'ಟಪ್' ಎಂದು ಹಾರಿತು. ಬಿಳಿ ನೊರೆ ಕಪಾಟಿನ ಬಾಗಿಲನ್ನು ಮೆಲ್ಲಗೆ ತಳ್ಳಿಕೊಂಡು, ಮದುವೆ ಮನೆಗೆ ಬಂದ ಬೀಗರಂತೆ ಗಂಭೀರವಾಗಿ ನಡುಮನೆಗೆ ಪ್ರವೇಶ ಮಾಡಿತು!

"ಅಮ್ಮಾ, ಮೋಡ!" ಎಂದು ಮಗಳು ಚೀರಿದಳು. ಅತ್ತೆಯ ಕಾಲು ಮತ್ತೆ ಕುರ್ಚಿ ಏರಿತು.

"ಏನ್ ಮಾಡಿದ್ರೀ?" ನಾನು ಗುಡುಗಿದೆ. ಸತ್ಯವಾಗಿ ಹೇಳುತ್ತೇನೆ, ಆ ಗುಡುಗಿನಲ್ಲಿ ಕಪಟ ಇರಲಿಲ್ಲ. "ಕೈ ತೊಳ್ಕೊಂಡ್ರಾ? ಅಂಗಡೀಲಿ ಗಾಜು ಒರೆಸೋ ನೀರನ್ನ ಕೈಗೆಲ್ಲಾ ಮೆತ್ಕೊಂಡು ಬಂದು ಹಾಗೇ ಅದ್ದಿದ್ದೀರ! ಎಷ್ಟು ಸಲ ಹೇಳಿದ್ದೀನಿ!"

ಇವರು ತಮ್ಮ ಎರಡೂ ಅಂಗೈಗಳನ್ನು ಅಪರಾಧಿಗಳನ್ನು ನೋಡುವಂತೆ ನೋಡಿಕೊಂಡರು. "ಇರಬಹುದು ಕಣೇ... ಇವತ್ತು ಬೆಳಿಗ್ಗೆ ನನ್ನ ಕನ್ನಡಕ ಒರೆಸಿದ್ದೆ... ತೊಳೆದ ಹಾಗೆ ನೆನಪು..." ಎನ್ನುತ್ತಾ ತೊಟ್ಟಿಯ ಗಾಜಿಗೆ ಮುಖ ಒತ್ತಿದರು. ಗುಂಡಿ ಗುಂಡಿಯಾಗಿ ಅರಳಿ ನಿಂತಿದ್ದ ಹವಳಗಳೆಲ್ಲ ಮುದುರಿಕೊಂಡಿದ್ದವು. ಹೆಣ್ಣು ಮೀನು ಮೂಲೆ ಸೇರಿತ್ತು. "ಸತ್ತುಹೋಗ್ತವೇನೋ," ಎಂದರು.

ಅಯ್ಯೋ ಎನ್ನಿಸಿತು. ಓಡಿ ಹೋದೆ.

"ನೀನು ಮುಟ್ಟಬೇಡ, ಸೋಲ್ತೀಯ!" ಇವರು ಆ ಸ್ಥಿತಿಯಲ್ಲೂ ಕೂಗಿದರು.

"ಪಂದ್ಯ ಹಾಳಾಗಲಿ ರೀ!" ಎಂದವಳೇ ಗೋಡೆಯ ಪ್ಲಗ್ಗನ್ನು ಕಿತ್ತೆಸೆದೆ. ಕೀಳಬೇಕಾದದ್ದು ಸ್ಕಿಮ್ಮರಿನ ಪ್ಲಗ್. ನಾನು ಕಿತ್ತದ್ದು ಎಲ್ಲದರದ್ದು! ಪಂಪು ನಿಂತಿತು. ಮೇಲಕ್ಕೆ ತಳ್ಳುವವರು ಇಲ್ಲದೆ ಮೇಲಿನ ನೀರು ತನ್ನ ಪಾಡಿಗೆ ಕೊಳವೆಯಲ್ಲಿ ಇಳಿಯತೊಡಗಿತು. ಅದಕ್ಕಾಗಿ ಕೆಳತೊಟ್ಟಿಯಲ್ಲಿ ಬಿಟ್ಟಿದ್ದ ಜಾಗವನ್ನೆಲ್ಲ ನೊರೆ ಆಕ್ರಮಿಸಿತ್ತು. ಬಿಡುತ್ತದೆಯೇ? ಇಳಿಯುವ ನೀರು ನೊರೆಯನ್ನು ಹೊರದಬ್ಬಿತು. ಮೊದಲು ಬೀಗರು ಬಂದಿದ್ದರು, ಈಗ ಇಡೀ ದಿಬ್ಬಣವೇ ಬಂತು! ನನ್ನ ಟೇಬಲಿನ ಕಾಲು ನಾಲ್ಕೂ ನೊರೆಯಲ್ಲಿ ಮುಳುಗಿದವು. ಅತ್ತೆಯ ಕುರ್ಚಿ ಕ್ಷೀರಸಾಗರದ ನಡುವೆ ದ್ವೀಪವಾಯಿತು.

ಆ ದ್ವೀಪದಿಂದ ಒಂದು ದನಿ ಬಂತು.

"ಅಲ್ಲಮ್ಮಾ, ಈ ನೊರೆ ನನ್ನ ದಿಂಬಿನ ಕವರ್ ವಾಸನೆ ಬರ್ತಿದೆಯಲ್ಲ?"

ಮಗಳು ಬಗ್ಗಿ ಒಂದು ಮುಷ್ಟಿ ನೊರೆ ಎತ್ತಿ ಮೂಸಿದಳು. "ಹೌದು ಅಜ್ಜಿ! ನನ್ನ ಬೆಡ್‌ಶೀಟೂ ಹೀಗೇ ಬರುತ್ತೆ."

ಆಗ ಹೊಳೆಯಿತು. ಬಟ್ಟೆ ಮೆತ್ತಗಾಗಿ ಘಮಘಮಿಸಲಿ ಎಂದು ಮಷಿನ್ನಿನ ಒಂದು ಡಬ್ಬಿಗೆ ಹಾಕುವ ಸುವಾಸನೆಯ ದ್ರವ! ಕಡೆಯ ನೀರಿಗೆ ಅದು ತಾನಾಗಿ ಬಂದು ಸೇರುತ್ತದೆ. ಪ್ರತಿ ಸಲ ಒಗೆದು ಮುಗಿದ ಕೂಡಲೇ ಮುಂದಿನ ಸಲಕ್ಕೆ ಆಗಲೇ ತುಂಬಿಸಿಡುವುದು ನನ್ನ ಪದ್ಧತಿ. ಸಮಯ ಉಳಿಯಲಿ ಎಂದು! ದಕ್ಷತೆ ಎಂದರೆ ಹಾಗಲ್ಲವೇ?

"ಸೋಪು ಹಾಕಿಲ್ಲ!" ಎಂದೆ.

ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಯಾವುದಕ್ಕೆ?" ಇವರು ಮೆಲ್ಲಗೆ ಕೇಳಿದರು.

"ಚೀಲಕ್ಕೆ... ಹಗ್ಗದ ಮೇಲಿತ್ತು... ತೊಟ್ಟಿಯಲ್ಲಿ ಇರಲಿಲ್ಲ..." ನನ್ನೊಳಗಿನ ವಕೀಲೆ ಅಷ್ಟು ಹೊತ್ತಿಗೆ ಊರು ಬಿಟ್ಟಿದ್ದಳು.

"ನಾನು ತೊಳೆದಿದ್ದನ್ನ ನೀನು ಮತ್ತೆ ತೊಳೆದ್ಯಾ?"

"ಹಳದಿ ಕಲೆ ಇತ್ತು ರೀ!"

"ಅದು ಕಲೆಯಲ್ಲ ಕಣೇ, ಆ ಬಟ್ಟೆಯ ಬಣ್ಣವೇ ಈಗ ಅದು. ಮೀನಿಗೇನು ಬಿಳಿ ಚೀಲವೇ ಆಗ್ಬೇಕಾ?"

ಬೈಯುತ್ತಾರೆ ಎಂದುಕೊಂಡೆ. ಅದಕ್ಕೆ ಇವರಿಗೆ ಪುರುಸೊತ್ತು ಇರಲಿಲ್ಲ. ಚೀಲ ಕಿತ್ತು ಬಕೆಟ್ಟಿಗೆ ಎಸೆದರು. ಸ್ಕಿಮ್ಮರಿನ ಪ್ಲಗ್ ಬಿಟ್ಟು ಉಳಿದದ್ದನ್ನೆಲ್ಲ ಹಾಕಿದರು. ನೀರಿನ ವಿಷ ಹೀರುವ ಇದ್ದಿಲಿನ ಪೊಟ್ಟಣ ಬಿಚ್ಚಿ ತೊಳೆದು ನೀರು ಬೀಳುವ ಕಡೆ ಕಟ್ಟಿದರು. ನೀರು ಬದಲಿಸಲೆಂದು ಹಿಂದಿನ ದಿನವೇ ಹದವಾಗಿ ಉಪ್ಪು ಬೆರೆಸಿ ಒಂದು ಡ್ರಮ್ಮು ಬಚ್ಚಲಿನಲ್ಲಿ ಇಟ್ಟಿದ್ದರು. ದಾರಿಗಡ್ಡ ಎಂದು ನಾನು ಅದಕ್ಕೆ ಎರಡು ಸಲ ಒದ್ದಿದ್ದೆ. ಈಗ ಅದೇ ಸಂಜೀವಿನಿ! ಇವರು ಅಳೆದು ಕೊಡುವುದು, ನಾನೂ ಮಗಳೂ ಬಕೆಟ್ ಹೊರುವುದು. ಅತ್ತೆ ದ್ವೀಪದಿಂದಲೇ ಮೀನಿನ ವರದಿ ಕೊಡುತ್ತಿದ್ದರು: "ಗಂಡು ಮೊಟ್ಟೆ ಹತ್ತಿರಾನೇ ಇದೆ. ಬಿಟ್ಟು ಕದಲಿಲ್ಲ."

ಇವರಿಗೆ ಇಷ್ಟೆಲ್ಲ ಗೊತ್ತಿತ್ತೇ? ಗೊತ್ತಿತ್ತು. ಮಾಡುವ ಪ್ರಮೇಯ ಬಂದಿರಲಿಲ್ಲ, ಅಷ್ಟೆ.

ಸಂಜೆಯ ಹೊತ್ತಿಗೆ ಒಂದು ಹವಳ ಅನುಮಾನಿಸುತ್ತಾ ಅರ್ಧ ಕಣ್ಣು ಬಿಟ್ಟಿತು. ಅದರ ಹಿಂದೆ ಇನ್ನೊಂದು. ಇವರು ನೆಲದ ಮೇಲೆ ಕೂತೇ ನಕ್ಕರು. ನಾನು ಹೋಗಿ ಟೇಬಲಿನ ಮೇಲಿದ್ದ ಪೇಪರನ್ನು ಮಡಚಿದೆ.

"ತಗೊಳ್ಳಿ. ಚಿಕ್ಕ ತೊಟ್ಟಿ ತಂದಿಡಿ. ಸೋತಿದ್ದೀನಿ."

"ಎಲ್ಲಿ ಹೊರಟೆ?"

"ಪಾತ್ರೆ ಹಾಗೇ ಬಿದ್ದಿವೆ. ಮಧ್ಯಾಹ್ನದ್ದು."

"ಕೂತ್ಕೋ," ಎಂದರು. "ಸೋತವರಿಗೆ ಶಿಕ್ಷೆ ಇದೆ. ನಾನೂ ಮಗಳೂ ಪಾತ್ರೆ ತೊಳೆದು ಅಡುಗೆಮನೆ ಒರೆಸಿ ಬರೋ ತನಕ ನೀನು ಆ ಕುರ್ಚಿಯಿಂದ ಏಳಬಾರದು. ಹಾಗಿದ್ರೆ ಟೇಬಲ್ ನಿನಗೇ. ಎದ್ಯೋ, ನಾಳೆ ಬೆಳಿಗ್ಗೆ ಚಿಕ್ಕ ತೊಟ್ಟಿ. ಅಮ್ಮ, ನೀನು ಕಾವಲು."

ಇದೂ ಒಂದು ಶಿಕ್ಷೆಯೇ! ನಗು ಬಂತು. ಕೂತೆ. ಕಿಟಕಿಯಾಚೆ ಬೀದಿದೀಪ ಹತ್ತಿಕೊಂಡಿತು. ಎದುರು ಮನೆಯ ಗೋಡೆಯ ಮೇಲೆ ಬೆಕ್ಕೊಂದು ಏನೂ ಮಾಡದೆ ಕೂತಿತ್ತು. ಎಷ್ಟು ಸೊಗಸಾಗಿ ಕೂತಿತ್ತು! ನಾನೂ ಹಾಗೇ ಕೂರಲು ನೋಡಿದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಢಣ್ ಎಂದಿತು. ದೊಡ್ಡ ಬಾಣಲೆ. ಅದನ್ನು ಉಜ್ಜುವ ಸದ್ದು ಕೇಳಿಸಿತು. ಗರಗರ, ಗರಗರ. ಉಕ್ಕಿನ ನಾರು! ಅಂಟದ ಬಾಣಲೆಗೆ ಯಾರಾದರೂ ಉಕ್ಕಿನ ನಾರು ಹಾಕುತ್ತಾರೆಯೇ?

ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಏಳಲ್ಲ ಅತ್ತೆ. ಇಲ್ಲಿಂದಲೇ ಒಂದು ಮಾತು ಹೇಳ್ತೀನಿ, ಅಷ್ಟೇ," ಎಂದು ಕುರ್ಚಿಯ ತುದಿಗೆ ಸರಿದು ಕೂಗಿದೆ. "ರೀ... ಆ ಬಾಣಲೆಗೆ..."

ಉಜ್ಜುವ ಸದ್ದು ನಿಂತಿತು. ಒಳಗೆ ಅಪ್ಪ ಮಗಳ ಪಿಸುಮಾತು. ಅಡುಗೆಮನೆಯ ಬಾಗಿಲು ಮುಚ್ಚಿತು. ಆಮೇಲೆ, ಠಕ್!

ಈ ಮನೆಗೆ ಬಂದಾಗಿನಿಂದ ಆ ಬಾಗಿಲಿನ ಒಳಗೆ ಬದುಕಿದವಳು ನಾನು. ಅದಕ್ಕೆ ಒಳಗಡೆ ಚಿಲಕ ಇದೆ ಎಂದು ನನಗೆ ಗೊತ್ತಾದದ್ದು ಆವತ್ತೇ! ಇಷ್ಟು ವರ್ಷ ಒಳಗೆ ಬರುತ್ತೇನೆಂದು ಯಾರೂ ಹಟ ಹಿಡಿದಿರಲಿಲ್ಲವಲ್ಲ!